ದುಬಾರಿ ಎಕ್ಸಾಸ್ಟ್ ಹಾಕಿಸಿದ್ರೆ ಘಾಟಿಯಲ್ಲಿ ಕಾರಿನ ಪಿಕಪ್ ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ತೀರ್ಥಹಳ್ಳಿ–ಶಿವಮೊಗ್ಗ ಓಡಾಟ, ಆಗಾಗ ಆಗುಂಬೆ ಇಳಿದು ಉಡುಪಿಗೆ. ಸೈಲೆನ್ಸರ್ ಹೇಗೂ ತುಕ್ಕು ಹಿಡಿದಿದೆ. ಬದಲಿಸುವುದೇ ಆದ್ರೆ ಅರವತ್ತು-ಎಪ್ಪತ್ತು ಸಾವಿರ ಹಾಕಿ ಸ್ಪೋರ್ಟ್ಸ್ ಎಕ್ಸಾಸ್ಟ್ ಹಾಕಿಸಿಬಿಡಲಾ? ಪಿಕಪ್, ಮೈಲೇಜ್ ಎರಡೂ ಬರುತ್ತೆ ಅಂತಾರೆ.

ಉತ್ತರ: ಪಿಕಪ್‌ಗೋಸ್ಕರ ಆದ್ರೆ ಬೇಡ. ಮೈಲೇಜ್‌ಗೋಸ್ಕರ ಆದ್ರೆ ಇನ್ನೂ ಬೇಡ. ಆದರೆ ನೀವು ಮಾತಿನ ಮಧ್ಯೆ ಹಾಗೇ ಹೇಳಿ ಮುಂದೆ ಹೋದ ತುಕ್ಕಿನ ವಿಷಯ ಇದೆಯಲ್ಲ, ನಮ್ಮ ಕಡೆ ಎಕ್ಸಾಸ್ಟ್‌ಗೆ ದುಡ್ಡು ಹಾಕಲು ಗಟ್ಟಿ ಕಾರಣ ಅಂತಿದ್ದರೆ ಅದೇ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಪಿಕಪ್. ಅಂಗಡಿಯಲ್ಲಿ ‘ಎಕ್ಸಾಸ್ಟ್’ ಅಂತ ಮಾರುವುದರಲ್ಲಿ ಹಲವು ಬಗೆ ಇದೆ. ಬರೀ ಹಿಂದಿನ ಡಬ್ಬ, ಅಂದರೆ ಮಫ್ಲರ್, ಬದಲಿಸುವುದು ಒಂದು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ (ಕ್ಯಾಟ್) ಹಿಂದಕ್ಕೆ ಇಡೀ ಪೈಪ್ ಬದಲಿಸುವ ಕ್ಯಾಟ್‌ಬ್ಯಾಕ್ ಇನ್ನೊಂದು. ನಿಮಗೆ ಅರವತ್ತು-ಎಪ್ಪತ್ತು ಸಾವಿರಕ್ಕೆ ಹೇಳಿರುವುದು ಬಹುಶಃ ಇದೇ. ಅಕ್ರಪೊವಿಚ್, ರೆಮುಸ್, ಬೋರ್ಲಾ ತರದ ಹೊರದೇಶದ ಹೆಸರು ಬೇಕು ಅಂದರೆ ಲೆಕ್ಕ ಲಕ್ಷಗಳಲ್ಲಿ ಹೋಗುತ್ತದೆ. ಅವು ಹೆಚ್ಚಾಗಿ ದೊಡ್ಡ ಕಾರುಗಳಿಗೆ ಮಾಡಿದವು, ಬಿಡಿ.

ನಿಮ್ಮ ಕಾರಿಗೆ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು, ಇಲ್ಲ. ಎಂಜಿನ್ ಕೊಡುವುದು ಎಂಬತ್ತು-ತೊಂಬತ್ತು ಕುದುರೆಶಕ್ತಿ. ಇಷ್ಟು ಚಿಕ್ಕ ಎಂಜಿನ್ನಿನ ಹೊಗೆಗೆ ಕಂಪನಿ ಪೈಪ್ ಎಲ್ಲೂ ಇಕ್ಕಟ್ಟು ಮಾಡುವುದಿಲ್ಲ. ಹಾಗಾಗಿ ಕ್ಯಾಟ್‌ಬ್ಯಾಕ್ ಹಾಕಿಸಿದರೆ ಸಿಗುವುದು ಒಂದೆರಡು ಕುದುರೆಶಕ್ತಿ, ಅದೂ ಎಂಜಿನ್ ಕಿರುಚುವಷ್ಟು ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಏರಿದಾಗ. ಇದಕ್ಕಿಂತ ಜಾಸ್ತಿ ನಿಮಗೆ ಆಗುಂಬೆ ಘಾಟಿ ಪುಕ್ಕಟೆ ಕೊಡುತ್ತದೆ. ಹೇಗೆ ಅಂತೀರಾ? ಟರ್ಬೊ ಇಲ್ಲದ ಎಂಜಿನ್, ಎತ್ತರ ಏರಿದಂತೆ ಪ್ರತಿ 100 ಮೀಟರಿಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾಗುವುದೇ ಕಾರಣ. ಆಗುಂಬೆಯ ಹದಿನಾಲ್ಕು ತಿರುವು ಮುಗಿಸಿ ಸೋಮೇಶ್ವರ ಮುಟ್ಟುವ ಹೊತ್ತಿಗೆ ನೀವು ಐನೂರು ಮೀಟರ್‌ನಷ್ಟು ಇಳಿದಿರುತ್ತೀರಿ. ಅಲ್ಲಿಗೆ ನಾಲ್ಕು ಕುದುರೆಶಕ್ತಿ ವಾಪಸ್ ಬಂದಿರುತ್ತದೆ. ಯಾವತ್ತಾದರೂ ಗೊತ್ತಾಗಿದೆಯಾ? ಇಲ್ಲ ಅಲ್ವಾ. ಹಾಗಿದ್ದ ಮೇಲೆ ಎರಡು ಕುದುರೆಶಕ್ತಿ ಎಲ್ಲಿ ಗೊತ್ತಾಗಬೇಕು?

‘ಹಾಕಿಸಿದ ಮೇಲೆ ಗಾಡಿ ನುಗ್ಗುತ್ತೆ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೇ ಅನಿಸುತ್ತದೆ. ಸದ್ದು ಜಾಸ್ತಿ ಆದರೆ ವೇಗವೂ ಜಾಸ್ತಿ ಆದಂತೆ ಕಾಣುವುದು ಮನುಷ್ಯರ ಸ್ವಭಾವ. ಆ ಸದ್ದು ಕೇಳಲೆಂದೇ ಕಾಲು ಇನ್ನಷ್ಟು ಒತ್ತುತ್ತದೆ. ಮೈಲೇಜ್ ಮಾತು ಅಲ್ಲಿಗೆ ಮುಗಿಯಿತು.

ಘಾಟಿಯಲ್ಲಿ ಉಲ್ಟಾ ಹೊಡೆಯುವ ಸಾಧ್ಯತೆಯೂ ಇದೆ. ಏರಿನಲ್ಲಿ ಬೇಕಾದ ಎಳೆತ ಎರಡನೇ, ಮೂರನೇ ಗೇರ್‌ನಲ್ಲಿ ಎರಡರಿಂದ ಮೂರೂವರೆ ಸಾವಿರ ಆರ್‌ಪಿಎಂ ಒಳಗೇ ಬರಬೇಕು. ತೋಟದ ಬಸಿಗಾಲುವೆಯನ್ನು ಬೇಕಾದ್ದಕ್ಕಿಂತ ಅಗಲ ಮಾಡಿದರೆ ನೀರಿನ ಓಟ ಕಡಿಮೆ ಆಗುತ್ತದಲ್ಲ, ದಪ್ಪ ಪೈಪ್‌ನೊಳಗೆ ಹೊಗೆಯ ಗತಿಯೂ ಅದೇ. ಒಂದು ಸಿಲಿಂಡರಿನಿಂದ ಹೊರಟ ಹೊಗೆ ಜೋರಾಗಿ ಓಡಿದರೆ ಹಿಂದೆ ಬರುವುದನ್ನೂ ಎಳೆದುಕೊಳ್ಳುತ್ತದೆ. ಓಟ ತಗ್ಗಿದರೆ ಆ ಎಳೆತವೂ ತಗ್ಗುತ್ತದೆ. ಚಿಕ್ಕ ಎಂಜಿನ್ನಿಗೆ ಎರಡೂವರೆ ಇಂಚಿನ ಪೈಪ್ ಹಾಕಿಸಿದರೆ ಕೆಳಗಿನ ಪಿಕಪ್ಪೇ ಸೊರಗುತ್ತದೆ. ನೋಡೋಕೆ ಮಾತ್ರ ಚೆನ್ನಾಗಿರುತ್ತದೆ.

ಟರ್ಬೊ ಕಾರಿನ ಲೆಕ್ಕ ಬೇರೆ. ಅಲ್ಲಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಟ್ಯೂನ್ ಮಾಡಿಸಿದರೆ ಇಪ್ಪತ್ತು ಕುದುರೆಶಕ್ತಿ ಬಂದರೂ ಆಶ್ಚರ್ಯ ಇಲ್ಲ. ಆದರೆ ಬಹುಪಾಲು ತರುವುದು ಟ್ಯೂನ್. ಟರ್ಬೊಗೆ ತಾಗಿದ ಡೌನ್‌ಪೈಪ್ ಬದಲಿಸಿದರೆ ಇನ್ನಷ್ಟು. ಹಿಂದಿನ ಪೈಪ್‌ನ ಪಾಲು ಅಲ್ಲೂ ಕಡಿಮೆಯೇ.

ಸದ್ದು ಬೇಕು ಅಂತಲೇ ಹಾಕಿಸುತ್ತೀನಿ ಅಂದರೆ ಅದು ಪ್ರಾಮಾಣಿಕ ಕಾರಣ. ತಪ್ಪೇನಿಲ್ಲ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಮೊಬೈಲ್ ವಿಡಿಯೊದಲ್ಲಿ ಕೇಳುವುದು ಕಾರಿನ ಹಿಂದೆ ನಿಂತವನಿಗೆ ಕೇಳುವ ಸದ್ದು. ಒಳಗೆ ಕೂತವನ ಪಾಡೇ ಬೇರೆ. ನಾಲ್ಕು ಸಿಲಿಂಡರ್ ಎಂಜಿನ್ 2400 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 80 ಸಲ ಉರಿಯುತ್ತದೆ. 80 ಹರ್ಟ್ಜ್‌ನ ಈ ತಗ್ಗು ಸದ್ದಿಗೆ ಎಷ್ಟೋ ಕಾರುಗಳ ಒಳಗಿನ ಗೂಡು ಗುಂಯ್ ಅಂತ ಅನುರಣಿಸುತ್ತದೆ. ಇದಕ್ಕೆ ಡ್ರೋನ್ ಅಂತಾರೆ. ನಿಮ್ಮ ಕಾರು ಟಾಪ್ ಗೇರ್‌ನಲ್ಲಿ 80ರ ವೇಗದಲ್ಲಿ ಹೋಗುವಾಗ ಹೆಚ್ಚುಕಡಿಮೆ ಇದೇ ಆರ್‌ಪಿಎಂ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಾಗ ತರೀಕೆರೆ ದಾಟುವಷ್ಟರಲ್ಲಿ ಹಿಂದಿನ ಸೀಟಿನವರು ತಲೆನೋವು ಅಂತಾರೆ. ಅದೇ ಎಕ್ಸಾಸ್ಟ್ ಹಾಕಿಸಿದವರ ಕಾರಿನಲ್ಲಿ ಅರ್ಧ ಗಂಟೆ ಕೂತು ಬನ್ನಿ, ಆಮೇಲೆ ಅಡ್ವಾನ್ಸ್ ಕೊಡಿ. ನಿಮ್ಮ ದಾರಿಯಲ್ಲೇ ಸಕ್ರೆಬೈಲು ಬೇರೆ ಇದೆ. ಆನೆ ಬಿಡಾರದ ಮುಂದೆ ಗುಡುಗಿಸಿಕೊಂಡು ಹೋಗುವುದು ಶೋಭೆಯಲ್ಲ, ಏನೇ ಹೇಳಿ.

ಈಗ ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಹೊರಗೆ ಹೋಗುತ್ತದೆ. ತೋಟದ ಮನೆಯಿಂದ ಡೈರಿಗೆ, ಡೈರಿಯಿಂದ ಪೇಟೆಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಮಫ್ಲರ್ ಕಾಯುವುದೇ ಇಲ್ಲ. ಆವಿ ಅಲ್ಲೇ ನೀರಾಗಿ ಕೂರುತ್ತದೆ, ಜೊತೆಗೆ ಹೊಗೆಯ ಆಮ್ಲ. ಹೊರಗಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಕೆಂಪು ಕೆಸರು. ಹೀಗಾಗಿ ನಮ್ಮ ಕಡೆ ಸೈಲೆನ್ಸರ್ ಒಳಗಿನಿಂದಲೂ ಹೊರಗಿನಿಂದಲೂ ತಿನ್ನಿಸಿಕೊಳ್ಳುತ್ತದೆ. ಹೊರಗೆ ಬರೀ ಬಣ್ಣ ಹೋದಂತೆ ಕಾಣುತ್ತದೆ. ಹೊಲಿಗೆಯ ಅಂಚಿನಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿದು ಒಳಗೆ ಹೋಗುತ್ತದೆ. ಕೊಯ್ದು ನೋಡಿದರೆ ತಳದಲ್ಲಿ ಹಿಡಿಯಷ್ಟು ಕಂದು ಪುಡಿ, ಅದರಲ್ಲಿ ನೆನೆದ ಗಾಜಿನ ಉಣ್ಣೆ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮಫ್ಲರ್ ತಳದ ಪುಟ್ಟ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಸೋರುತ್ತಿದೆ ಅಂತ ಬೆಸುಗೆ ಹಾಕಿಸಿ ಮುಚ್ಚಿಸಬೇಡಿ. ಆ ತೂತು ಇರುವುದೇ ನೀರು ಇಳಿಯಲಿಕ್ಕೆ.

ಹಾಗಾಗಿ ಬ್ರ್ಯಾಂಡ್ ಬಿಟ್ಟು ಲೋಹ ನೋಡಿ. ಕಂಪನಿ ಪೈಪ್ ಸಾಮಾನ್ಯವಾಗಿ 409 ದರ್ಜೆಯ ಸ್ಟೀಲ್. ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು ಶೇಕಡಾ 11. ಮೇಲೆ ಕಂದು ಬಣ್ಣ ಬಂದರೂ ಬೇಗ ತೂತಾಗುವುದಿಲ್ಲ. 304ರಲ್ಲಿ ಕ್ರೋಮಿಯಂ 18, ನಿಕ್ಕಲ್ 8. ನಮ್ಮ ಮಳೆಗೆ ಇದು ಚೆನ್ನಾಗಿ ತಡೆಯುತ್ತದೆ. ಆಯಸ್ಕಾಂತ ಹಿಡಿದು ‘ಅಂಟಲ್ಲ ನೋಡಿ, 304’ ಅಂತ ತೋರಿಸುವವರಿದ್ದಾರೆ. ಅರ್ಧ ಸತ್ಯ ಅದು. 409 ಅಂಟುತ್ತದೆ, 304 ಅಂಟುವುದಿಲ್ಲ, ಸರಿ. ಆದರೆ ಅಗ್ಗದ 202 ಕೂಡ ಅಂಟುವುದಿಲ್ಲ, ಅದರಲ್ಲಿ ನಿಕ್ಕಲ್ ಕಡಿಮೆ, ತುಕ್ಕು ಬೇಗ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಬೆಸುಗೆ ಟಿಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಆಗಿರಲಿ. 304 ಪೈಪ್‌ಗೆ ಮಾಮೂಲಿ ರಾಡ್‌ನಲ್ಲಿ ಬೆಸೆದರೆ ಪೈಪ್ ಚೆನ್ನಾಗಿದ್ದು ಜೋಡಣೆ ಕೊಳೆಯುತ್ತದೆ.

ನಿಮ್ಮ ಕಾರಿಗೆ ಎರಡು ದಾರಿ. ಕಂಪನಿ ಮಫ್ಲರ್ ಹಾಕಿಸಿ ಸುಮ್ಮನಾಗುವುದು ಒಂದು. ಇಲ್ಲವಾದರೆ ಶಿವಮೊಗ್ಗದಲ್ಲೇ ಕೈ ಪಳಗಿದ ಫ್ಯಾಬ್ರಿಕೇಟರ್ ಹತ್ತಿರ 304ರಲ್ಲಿ ಕಂಪನಿ ಅಳತೆಯದ್ದೇ ಪೈಪ್, ಅಷ್ಟೇ ಸದ್ದಿನ ಡಬ್ಬ ಮಾಡಿಸುವುದು. ಯಾವುದಾದರೂ ಅರವತ್ತು ಸಾವಿರದ ಹತ್ತಿರ ಹೋಗುವುದಿಲ್ಲ. ಉಳಿದ ದುಡ್ಡಿನಲ್ಲಿ ಮಳೆಗಾಲಕ್ಕೆ ಮುಂಚೆ ನಾಲ್ಕು ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ಆಗುಂಬೆ ಇಳಿಯುವವರಿಗೆ ನಿಜವಾದ ಸ್ಪೋರ್ಟ್ಸ್ ಕಿಟ್ ಅಂದ್ರೆ ಅದೇ ಅಂತ ನನ್ನ ಅಭಿಪ್ರಾಯ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಕೂಡದು ಅನ್ನುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ ದಂಡ 10,000ದವರೆಗೆ ಹೋಗಬಹುದು. ಪೊಲೀಸರು ಬೈಕ್ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವುದನ್ನು ನಮ್ಮ ರಾಜ್ಯದಲ್ಲಿ ಎಲ್ಲರೂ ನೋಡಿದ್ದೇವೆ. ಕಾರಿಗೆ ರಿಯಾಯಿತಿ ಏನಿಲ್ಲ. ವಾರಂಟಿ, ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ತಕರಾರು ಬರುವುದು ಬೇರೆ.

ಕ್ಯಾಟ್ ತೆಗೆಸುವ ಮಾತು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದು ಬನ್ನಿ. 2020ರ ಏಪ್ರಿಲ್ ನಂತರದ ಬಿಎಸ್6 ಹೊಗೆ ನಿಯಮದ ಕಾರಾದರೆ ಚೆಕ್ ಎಂಜಿನ್ ಲೈಟ್ ಹತ್ತಿ ಕೂರುತ್ತದೆ, ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆ ಕ್ಯಾಟ್ ಒಳಗೆ ಇರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಗುಜರಿಯಲ್ಲೂ ಅದಕ್ಕೆ ಒಳ್ಳೆ ರೇಟ್ ಇದೆ. ‘ಪುಕ್ಕಟೆ ತೆಗೆದುಕೊಡ್ತೀನಿ’ ಅನ್ನುವವರ ಉದಾರತೆಗೆ ಕಾರಣ ಅದೇ ಇರಬಹುದು. ಮಫ್ಲರ್ ಕೆಲಸ ಮಾಡಿಸುವ ದಿನ ಪಕ್ಕದಲ್ಲೇ ನಿಂತಿರಿ. ಮುಗಿದ ಮೇಲೆ ಕಾರಿನಡಿ ಬಗ್ಗಿ ನೋಡಿ: ಕ್ಯಾಟ್ ಇದ್ದಲ್ಲೇ ಇದೆಯಾ, ತೂಗುವ ರಬ್ಬರ್‌ಗಳು ಹೊಸವಾ, ಪೈಪ್ ಮೊದಲಿಗಿಂತ ತಗ್ಗಿಗೆ ಬಂದಿಲ್ಲ ತಾನೆ. ತೋಟದ ದಾರಿಯ ನಡುದಿಬ್ಬಕ್ಕೆ ಮೊದಲು ತಾಗುವುದು ಅದೇ.