ಕೋಲಿಯಸ್ ಎಲೆ ಹಸಿರಾಗುತ್ತಿದೆ, ಯಾವ ಗೊಬ್ಬರ ಹಾಕಲಿ?

ಪ್ರಶ್ನೆ: ನರ್ಸರಿಯಲ್ಲಿ ಕಡುಗೆಂಪು ಎಲೆಯ ಕೋಲಿಯಸ್ ನೋಡಿ ಆಸೆಪಟ್ಟು ತಂದೆ. ನಮ್ಮದು ಬನಶಂಕರಿಯಲ್ಲಿ ಎರಡನೇ ಮಹಡಿಯ ಮನೆ, ಬಾಲ್ಕನಿ ಉತ್ತರಕ್ಕಿದೆ. ಗಿಡ ಉದ್ದಕ್ಕೆ ಬೆಳೆಯುತ್ತಿದೆ, ಆದರೆ ಹೊಸ ಎಲೆಗಳಲ್ಲಿ ಕೆಂಪು ಮಾಯವಾಗಿ ಹಸಿರೇ ತುಂಬಿಕೊಂಡಿದೆ. ಯಾವ ಗೊಬ್ಬರ ಹಾಕಿದರೆ ಬಣ್ಣ ಮರಳುತ್ತದೆ?

ಉತ್ತರ: ಗೊಬ್ಬರದ ಡಬ್ಬಿಯನ್ನು ಸದ್ಯಕ್ಕೆ ಮುಚ್ಚಿಡಿ. ನಿಮ್ಮ ಗಿಡಕ್ಕೆ ಕೊರತೆಯಾಗಿರುವುದು ಬೆಳಕು. ಎಲೆಯ ಕೆಂಪು, ನೇರಳೆ ಬಣ್ಣಗಳು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ ಬರುತ್ತವೆ. ಚೆನ್ನಾಗಿ ಬೆಳಕು ಸಿಕ್ಕಾಗ ಗಿಡ ಅದನ್ನು ಧಾರಾಳವಾಗಿ ತಯಾರಿಸುತ್ತದೆ. ಬೆಳಕು ಸಾಲದಾದರೆ ಆಹಾರ ತಯಾರಿಸುವ ಪತ್ರಹರಿತ್ತಿಗೇ ಮೊದಲ ಮಣೆ. ಕೆಂಪು ಹಿಂದೆ ಸರಿಯುತ್ತದೆ. ಗಿಡ ಉದ್ದವಾಗಿದೆ ಎಂದಿರಲ್ಲ, ಅದೂ ಬೆಳಕನ್ನು ಹುಡುಕಿಕೊಂಡು ಹೊರಟ ಲಕ್ಷಣವೇ. ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಾಗಿ ಕಾಂಡ ಸೊರಗಿರುತ್ತದೆ, ನೋಡಿ. ಈ ಸ್ಥಿತಿಯಲ್ಲಿ ಸಾರಜನಕ ಹೆಚ್ಚಿರುವ ಗೊಬ್ಬರ ಸುರಿದರೆ ಹಸಿರು ಇನ್ನಷ್ಟು ಏರುತ್ತದೆ.

ಬೆಂಗಳೂರಿನ ಉತ್ತರದ ಬಾಲ್ಕನಿಗೆ ಒಂದು ವಿಚಿತ್ರ ಗುಣವಿದೆ. ನಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ. ಆಗ ನಿಮ್ಮ ಬಾಲ್ಕನಿಯ ಕಂಬಿಯಂಚಿಗೂ ಒಂದಿಷ್ಟು ಬಿಸಿಲು ಬೀಳಬಹುದು. ಜೂನ್, ಜುಲೈನಲ್ಲಿ ಮೋಡ ಕವಿದು ಆ ಲಾಭವೂ ಅರ್ಧ ಹೋಗುತ್ತದೆ, ಆ ಮಾತು ಬೇರೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಂತೂ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಉತ್ತರದ ಗೋಡೆಗೆ ಆಕಾಶದ ಬೆಳಕಷ್ಟೇ ಗತಿ. ಎದುರುಗಡೆ ನಾಲ್ಕು ಮಹಡಿಯ ಕಟ್ಟಡ ಎದ್ದಿದ್ದರೆ ಅದೂ ಇಲ್ಲ. ಹಾಗಾಗಿ ಗೋಡೆಯ ಮೂಲೆಯಲ್ಲಿರುವ ಕುಂಡವನ್ನು ಮೊದಲು ಕಂಬಿಯ ಪಕ್ಕಕ್ಕೆ ತನ್ನಿ. ಪೂರ್ವದ ಕಿಟಕಿಯೋ ಮೆಟ್ಟಿಲ ಪಕ್ಕದ ಜಾಗವೋ ಇದ್ದರೆ ಇನ್ನೂ ಒಳ್ಳೆಯದು. ಬೆಳಗಿನ ಎರಡು ಮೂರು ಗಂಟೆಯ ಎಳೆಬಿಸಿಲು, ಆಮೇಲೆ ನೆರಳು: ಕೋಲಿಯಸ್‌ಗೆ ಇದಕ್ಕಿಂತ ಹೆಚ್ಚಿನ ಉಪಚಾರ ಬೇಡ.

ಬೆಳಕು ಬೇಕೆಂದಿದ್ದಕ್ಕೆ ಗಿಡವನ್ನು ನೇರವಾಗಿ ತಾರಸಿಗೆ ಹೊತ್ತೊಯ್ಯಬೇಡಿ. ನರ್ಸರಿಗಳಲ್ಲಿ ಇದು ಬೆಳೆಯುವುದು ಸಾಮಾನ್ಯವಾಗಿ ನೆರಳು ಬಲೆಯ ಕೆಳಗೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ ಎಲೆ ಬಿಳಿಚಿಕೊಂಡು ಅಂಚು ಕಂದಾಗಿ ಸುಡುತ್ತದೆ. ಹಳದಿ, ಬಿಳಿ ಭಾಗ ಹೆಚ್ಚಿರುವ ಎಲೆಗಳು ಸಾಮಾನ್ಯವಾಗಿ ಬೇಗ ಸುಡುತ್ತವೆ. ಕಡುಗೆಂಪಿನವು ತುಸು ಗಟ್ಟಿ. ವಾರವಿಡೀ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ರೂಢಿ ಮಾಡಿಸಿ. ಫಲಿತಾಂಶವನ್ನು ಹಳೆಯ ಎಲೆಗಳಲ್ಲಿ ಹುಡುಕಬೇಡಿ, ತುದಿಯಲ್ಲಿ ಹೊಸದಾಗಿ ಬಿಚ್ಚಿಕೊಳ್ಳುವ ಜೋಡಿ ಎಲೆಯನ್ನು ಗಮನಿಸಿ.

ಈಗ ಕತ್ತರಿ ಕೈಗೆತ್ತಿಕೊಳ್ಳಿ. ಉದ್ದವಾಗಿರುವ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ದುಂಡಗಿಲ್ಲ, ನಾಲ್ಕು ಮೂಲೆಯಿದೆ ಎಂದು ತಿಳಿಯುತ್ತದೆ. ತುಳಸಿ, ದೊಡ್ಡಪತ್ರೆಗಳ ಕುಟುಂಬದ ಗುರುತು ಅದು. ದೊಡ್ಡಪತ್ರೆಯಷ್ಟೇ ಸಲೀಸಾಗಿ ಇದೂ ಕಡ್ಡಿಯಿಂದ ಬೇರು ಬಿಡುತ್ತದೆ. ಗಿಣ್ಣಿನ ಸ್ವಲ್ಪ ಕೆಳಗೆ ನಾಲ್ಕು ಅಂಗುಲದ ತುದಿಯನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು ನೀರಿನ ಲೋಟದಲ್ಲಿ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಒಂದೆರಡು ವಾರದಲ್ಲಿ ಗಿಣ್ಣಿನ ಬಳಿ ಬಿಳಿ ಬೇರು ಮೂಡುತ್ತದೆ. ಅಂಗುಲದಷ್ಟಾದ ಮೇಲೆ ಕುಂಡಕ್ಕೆ ಹಾಕಿ. ಇತ್ತ ತಾಯಿ ಗಿಡವೂ ಕತ್ತರಿಸಿದ ಜಾಗದ ಕೆಳಗಿನಿಂದ ಎರಡು ಕವಲೊಡೆದು ಪೊದೆಯಾಗುತ್ತದೆ. ತುದಿ ಚಿವುಟುವುದನ್ನು ಆಗಾಗ ಮಾಡುತ್ತಿರಿ. ತುಳಸಿಯ ಹಾಗೆ ಕದಿರು ಬಂದರೆ ಅದನ್ನೂ ಚಿವುಟಿ ಹಾಕಿ. ಆ ಪುಟ್ಟ ನೀಲಿ ಹೂಗಳಿಗಾಗಿ ಎಲೆಯ ಅಂದವನ್ನು ಬಿಟ್ಟುಕೊಡುವುದು ನನಗಂತೂ ನಷ್ಟದ ಬಾಬತ್ತು.

ಮಣ್ಣು ದೊಡ್ಡ ವಿಷಯವಲ್ಲ: ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಬೆರೆಸಿ, ಕುಂಡದ ತಳದಲ್ಲಿ ತೂತಿದ್ದರಾಯಿತು. ನೀರಿನ ವಿಷಯದಲ್ಲಿ ಮಾತ್ರ ಈ ಗಿಡ ದಾರಿ ತಪ್ಪಿಸುತ್ತದೆ. ಮಧ್ಯಾಹ್ನದ ಸೆಕೆಗೆ ಎಲೆಗಳು ಜೋತುಬಿದ್ದದ್ದು ಕಂಡೊಡನೆ ಚೊಂಬು ಹಿಡಿದು ಓಡಬೇಡಿ. ಬೆರಳು ತೂರಿಸಿ ನೋಡಿ. ಮಣ್ಣು ತೇವವಿದ್ದರೆ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ತೇವದ ಮೇಲೆ ಮತ್ತೆ ನೀರು ಬಿದ್ದರೆ ಬೇರು ಕೊಳೆಯುತ್ತದೆ. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಸಾಬೂನು ನೀರಿನಲ್ಲಿ ಬೆರೆಸಿದ ಬೇವಿನೆಣ್ಣೆಯನ್ನು ಸಂಜೆ ಸಿಂಪಡಿಸಿ.

ಒಂದು ಅಪವಾದ ಉಂಟು. ಉಳಿದ ಕವಲುಗಳೆಲ್ಲ ಕೆಂಪಾಗಿಯೇ ಇದ್ದು ಒಂದು ಮಾತ್ರ ಪೂರ್ತಿ ಹಸಿರಾಗಿ ಹೊರಟಿದ್ದರೆ ಬೆಳಕನ್ನು ದೂರುವಂತಿಲ್ಲ. ಆ ಕವಲಿನ ಜೀವಕೋಶಗಳೇ ಬದಲಾಗಿರುತ್ತವೆ. ಎಲ್ಲಿಗೆ ಒಯ್ದು ಇಟ್ಟರೂ ಅದು ಕೆಂಪಾಗುವುದಿಲ್ಲ. ಹಸಿರು ಹೆಚ್ಚಿರುವುದರಿಂದ ಬೇಗ ಬೆಳೆದು ಉಳಿದವನ್ನು ಮೆಟ್ಟಿ ನಿಲ್ಲುತ್ತದೆ. ಅದನ್ನು ಬುಡದಲ್ಲೇ ಕತ್ತರಿಸಿಬಿಡಿ.