ಹತ್ತು ವರ್ಷದಲ್ಲಿ ಹದಿನಾಲ್ಕು ವಯಸ್ಸು

"ಇವರು ನಮ್ಮ ಮುತ್ತಜ್ಜನ ಅಪ್ಪ ಅಲ್ಲ ಸರ್. ಸ್ಕಾಟ್ಲೆಂಡಿನ 1841ರ ಜನಗಣತಿಯಲ್ಲಿ ವಯಸ್ಸು 35, 1851ರ ಗಣತಿಯಲ್ಲಿ 49 ಅಂತಿದೆ. ಹತ್ತು ವರ್ಷದಲ್ಲಿ ಹದಿನಾಲ್ಕು ವಯಸ್ಸು ಹೇಗಾಗುತ್ತೆ?"

ಕೇಳಿದವರು ಕೆಜಿಎಫ್‌ನ ಒಬ್ಬ ಆಂಗ್ಲೋ-ಇಂಡಿಯನ್ ಆಂಟಿ. ಸ್ಕಾಟ್ಲೆಂಡಿನಲ್ಲಿ ಹಿರಿಯರನ್ನು ಹುಡುಕಿಸಲು ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಇಲ್ಲೇ ಎಡವುತ್ತಾರೆ. ಸರಿಯಾದ ಮನುಷ್ಯ ಕೈಗೆ ಸಿಕ್ಕಿರುತ್ತಾನೆ. ವಯಸ್ಸು ತಾಳೆಯಾಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ.

1841ರ ಜನಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕು ಅಂತ ಗಣತಿದಾರರಿಗೆ ಸೂಚನೆ ಇತ್ತು. 34 ಆದವನು 30. 39 ಆದವನು 35. ಹತ್ತಿರದ ಐದಕ್ಕಲ್ಲ, ಕೆಳಗಿನ ಐದಕ್ಕೆ! ಅಂದರೆ 35 ಅಂತ ಕಂಡರೆ ಆತ 35ರಿಂದ 39ರೊಳಗೆ ಎಷ್ಟಾದರೂ ಇರಬಹುದು. 1851ರಲ್ಲಿ ಈ ನಿಯಮ ಇರಲಿಲ್ಲ. ಈಗ ಕೂಡಿಸಿ ನೋಡಿ. 39ಕ್ಕೆ ಹತ್ತು ಸೇರಿದರೆ 49, ಅಲ್ವಾ? ಸೂಚನೆ ಪಾಲಿಸದೆ ನಿಜವಾದ ವಯಸ್ಸನ್ನೇ ಬರೆದ ಗಣತಿದಾರರೂ ಇದ್ದರು. ಅದಕ್ಕೇ ಆ ಪುಟದ ಉಳಿದ ಮನೆಗಳನ್ನೂ ಓದಿ. ದೊಡ್ಡವರೆಲ್ಲ 20, 25, 40 ಅಂತಲೇ ಇದ್ದರೆ ಗುಟ್ಟು ಗೊತ್ತಾಯಿತು.

ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ದಾಖಲೆ ಪ್ರಕಾರ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಕೃಪೆ. ಇದನ್ನು ನಗುತ್ತಾ ಒಪ್ಪುವ ನಾವು, ಬಿಳಿಯರ ಕಾಗದ ಅಂದ ಕೂಡಲೇ ಅದನ್ನು ವೇದವಾಕ್ಯ ಮಾಡಿಬಿಡುತ್ತೇವೆ.

ಗಟ್ಟಿ ಮಾಡಿಕೊಳ್ಳಬೇಕಾದರೆ ಮರಣ ದಾಖಲೆ ತೆಗೆಸಿ. ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ಮದುವೆಯ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರ ಜನವರಿ 1ಕ್ಕೆ. ಅಲ್ಲಿಂದಾಚೆ ಸತ್ತವರ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರು ಇರುತ್ತದೆ, ಅಮ್ಮನ ತವರಿನ ಅಡ್ಡಹೆಸರು ಸಮೇತ. ಆ ಕಾಲದ ಇಂಗ್ಲೆಂಡಿನ ಮರಣ ದಾಖಲೆಯಲ್ಲಿ ಈ ಭಾಗ್ಯ ಇಲ್ಲ. ಆದರೆ ಮಾಹಿತಿ ಕೊಟ್ಟವರು ಯಾರು ಅಂತ ಮೊದಲು ನೋಡಿ. ಮಗ ಆದರೆ ಬಹುಮಟ್ಟಿಗೆ ನಂಬಬಹುದು. ಪಕ್ಕದ ಮನೆಯವನಾದರೆ ನಾನು ಸುಮ್ನೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಆಂಟಿಗೂ ದಾಖಲೆ ತೆಗೆಸಿಕೊಟ್ಟೆ. ಆ ಮನುಷ್ಯ ತೀರಿಕೊಂಡದ್ದು 1861ರಲ್ಲಿ. ಮಾಹಿತಿ ಕೊಟ್ಟು ಸಹಿ ಹಾಕಿದವನು ಅವರ ಮುತ್ತಜ್ಜನೇ. ಆಂಟಿ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ಆ ಸಹಿ ನೋಡಿದರು. ಆಮೇಲೆ ಮತ್ತೆ ತಕರಾರು. "ನಾವು ಅಡ್ಡಹೆಸರಿನಲ್ಲಿ ಮ್ಯಾಕ್ ಅಂತ ಎಂ, ಎ, ಸಿ ಪೂರ್ತಿ ಬರೆಯೋದು ಸರ್. ಇಲ್ಲಿ ಬರೀ ಎಂ, ಸಿ ಇದೆಯಲ್ಲ?"