ಕಳುವಾದದ್ದು ಕಾಯಿನ್, ಒಡೆದದ್ದು ಇಮೇಲ್

ಕ್ರಿಪ್ಟೊ ಖಾತೆ ಬರಿದಾದ ಮೇಲೆ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಎರಡು ಮಾತು ಹೇಳಿಬಿಡುತ್ತಾರೆ. "ಒಟಿಪಿಯನ್ನು ನಾನು ಯಾರಿಗೂ ಕೊಟ್ಟಿಲ್ಲ" ಎಂಬುದು ಒಂದು. "ಪಾಸ್‌ವರ್ಡ್ ಆಗಲೇ ಬದಲಾಯಿಸಿದ್ದೇನೆ" ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಸಾಮಾನ್ಯವಾಗಿ ನಂಬುತ್ತೇನೆ. ಎರಡನೆಯದನ್ನು ಕೇಳಿದಾಗ ತಲೆಬಿಸಿಯಾಗುತ್ತದೆ. ಯಾವುದರ ಪಾಸ್‌ವರ್ಡ್ ಎಂದು ಕೇಳಿದರೆ, "ಎಕ್ಸ್‌ಚೇಂಜ್‌ನದು, ಇನ್ನಾವುದರದು?" ಎನ್ನುತ್ತಾರೆ, ಅಂದರೆ ಕಾಯಿನ್ ಕೊಂಡು ಮಾರುವ ಜಾಲತಾಣದ್ದು. ಇಮೇಲ್‌ನದು ಬದಲಾಯಿಸಿದಿರಾ ಎಂದರೆ ನನ್ನ ಮುಖ ನೋಡುತ್ತಾರೆ. "ಇಮೇಲ್‌ಗೆ ಏನೂ ಆಗಿಲ್ಲವಲ್ಲ ಸರ್, ಸರಿಯಾಗಿಯೇ ಬರುತ್ತಿದೆ."

ಸರಿಯಾಗಿ ಬರುತ್ತಿದೆ ಎಂದು ಅವರಿಗೆ ಹೇಗೆ ಗೊತ್ತು ಎಂಬುದೇ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಕ್ರಿಪ್ಟೊ ಎಂದರೇನು, ವ್ಯಾಲೆಟ್ ಎಂದರೇನು ಎಂದು ಇಲ್ಲಿ ವಿವರಿಸುವುದಿಲ್ಲ. ಕಳೆದುಕೊಂಡವರಿಗೆ ಅದೆಲ್ಲ ಚೆನ್ನಾಗಿಯೇ ಗೊತ್ತಿರುತ್ತದೆ. ಯಾವ ಕಾಯಿನ್ ಯಾವ ವರ್ಷ ಎಷ್ಟು ಏರಿತ್ತು ಎಂಬುದನ್ನು ನನಗೇ ಪಾಠ ಮಾಡುತ್ತಾರೆ. ಅವರಿಗೆ ಹೊಳೆಯದಿರುವುದು ಒಂದೇ. ಖಾತೆ ತೆರೆಯುವಾಗ ಗುರುತಿನ ಚೀಟಿ ಕೊಟ್ಟಿರುತ್ತೀರಿ, ಕ್ಯಾಮೆರಾಕ್ಕೆ ಮುಖ ತೋರಿಸಿರುತ್ತೀರಿ, ನಿಜ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಎಕ್ಸ್‌ಚೇಂಜ್‌ನ ಪಾಲಿಗೆ ನೀವು ಎಂದರೆ ಒಂದು ಇಮೇಲ್ ವಿಳಾಸ. ಪಾಸ್‌ವರ್ಡ್ ಮರೆತಿರಾ? ಇಮೇಲ್ ಬರುತ್ತದೆ. ಹೊಸ ಕಂಪ್ಯೂಟರಿನಿಂದ ಲಾಗಿನ್ ಆದಿರಾ? ಅನುಮತಿ ಕೇಳಿ ಇಮೇಲ್ ಬರುತ್ತದೆ. ಕಾಯಿನ್ ಕಳುಹಿಸಲು ಹೊಸ ವಿಳಾಸ ಸೇರಿಸಿದಿರಾ? ಖಚಿತಪಡಿಸಿ ಎಂದು ಇಮೇಲ್. ಫೋನ್ ಕಳೆದುಹೋಗಿ ಎರಡನೇ ಹಂತದ ಕೋಡ್ ಸಿಗುತ್ತಿಲ್ಲವೇ? ಗ್ರಾಹಕ ಸೇವೆಯವರ ಪತ್ರವ್ಯವಹಾರ ಶುರುವಾಗುವುದೂ ಅದೇ ಇಮೇಲ್‌ನಲ್ಲಿ. ಎಲ್ಲ ಎಕ್ಸ್‌ಚೇಂಜ್‌ಗಳ ಕ್ರಮವೂ ಒಂದೇ ಅಲ್ಲ, ಕೆಲವು ಹೆಚ್ಚು ಬಿಗಿ, ಕೆಲವು ಸಡಿಲ. ಆದರೂ ಆ ಇನ್‌ಬಾಕ್ಸ್ ಓದಬಲ್ಲವನು ಮುಕ್ಕಾಲು ಪಾಲು ನೀವೇ ಆಗಿಬಿಡುತ್ತಾನೆ ಎಂಬುದು ಹೆಚ್ಚುಕಡಿಮೆ ಎಲ್ಲೆಡೆಯೂ ನಿಜ.

ಇದು ನನ್ನೊಬ್ಬನ ಗೀಳಲ್ಲ. 2021ರ ಮಾರ್ಚ್‌ನಿಂದ ಮೇ ತಿಂಗಳವರೆಗೆ ಕಾಯಿನ್‌ಬೇಸ್ ಎಂಬ ಎಕ್ಸ್‌ಚೇಂಜ್‌ನ ಕನಿಷ್ಠ 6,000 ಗ್ರಾಹಕರ ಖಾತೆಗಳಿಂದ ಹಣ ಹೋಯಿತು. ಎಸ್‌ಎಂಎಸ್ ಮೂಲಕ ಖಾತೆ ಮರಳಿ ಪಡೆಯುವ ವ್ಯವಸ್ಥೆಯಲ್ಲಿ ದೋಷವಿತ್ತು ಎಂದು ಸಂಸ್ಥೆಯೇ ಒಪ್ಪಿಕೊಂಡಿತು, ಕಳೆದುಹೋದದ್ದನ್ನು ತುಂಬಿಕೊಡುವುದಾಗಿಯೂ ಹೇಳಿತು. ಆದರೆ ಗ್ರಾಹಕರಿಗೆ ಕಳುಹಿಸಿದ ಆ ಪತ್ರದಲ್ಲಿ ಇನ್ನೊಂದು ಮಾತಿತ್ತು. ಆ ದೋಷವನ್ನು ಬಳಸಿಕೊಳ್ಳಬೇಕಾದರೆ ಕಳ್ಳನ ಬಳಿ ಗ್ರಾಹಕರ ಇಮೇಲ್ ವಿಳಾಸ, ಪಾಸ್‌ವರ್ಡ್, ಫೋನ್ ಸಂಖ್ಯೆಯ ಜೊತೆಗೆ ಅವರ ಇನ್‌ಬಾಕ್ಸ್‌ಗೆ ಪ್ರವೇಶವೂ ಇರಬೇಕಿತ್ತು. ಅಂದರೆ ಎಕ್ಸ್‌ಚೇಂಜ್‌ನ ದೋಷಕ್ಕೆ ಕೈಹಾಕುವ ಮೊದಲೇ ಅಷ್ಟೂ ಜನರ ಇಮೇಲ್ ಒಳಗೆ ಕಳ್ಳ ಬಂದು ಕೂತಿದ್ದ.

ಲೆಕ್ಕಪತ್ರದ ವೃತ್ತಿಯಲ್ಲಿರುವ ಒಬ್ಬ ಮಹಿಳೆ ನನ್ನಲ್ಲಿಗೆ ಬಂದಿದ್ದರು. ಇಷ್ಟು ಜಾಗರೂಕರಾದ ಗ್ರಾಹಕರು ನನಗೆ ಅಪರೂಪ. ಎಕ್ಸ್‌ಚೇಂಜ್‌ನ ಪಾಸ್‌ವರ್ಡ್ ಉದ್ದನೆಯದು, ಬೇರೆಲ್ಲೂ ಬಳಸಿದ್ದಲ್ಲ, ಫೋನಿನಲ್ಲಿ ಉಳಿಸಿದ್ದೂ ಅಲ್ಲ. ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಮಾಡುವ ಶಿಸ್ತು ಬೇರೆ. ಒಂದು ರಾತ್ರಿಯಲ್ಲಿ ಖಾತೆ ಬರಿದಾಗಿತ್ತು. "ಕಾಯಿನ್ ಹೊರಗೆ ಹೋದರೆ ಇಮೇಲ್ ಬರಬೇಕು. ನನಗೆ ಒಂದೇ ಒಂದು ಇಮೇಲ್ ಬಂದಿಲ್ಲ. ಒಳಗಿನವರೇ ಕೈ ಹಾಕಿದ್ದಾರೆ" ಎಂಬುದು ಅವರ ವಾದ. ತರ್ಕ ಸರಿಯಾಗಿಯೇ ಇತ್ತು.

ಅವರ ಇಮೇಲ್‌ನ ಸೆಟ್ಟಿಂಗ್ಸ್ ತೆರೆಸಿ, ಬರುವ ಪತ್ರಗಳನ್ನು ವಿಂಗಡಿಸುವ ನಿಯಮಗಳು ಇರುವ ಪುಟಕ್ಕೆ ಹೋದೆವು. ತಾವು ಜನ್ಮದಲ್ಲಿ ಅಂಥ ನಿಯಮ ಮಾಡಿದವರಲ್ಲ ಎಂದರು. ಅಲ್ಲಿ ಒಂದು ನಿಯಮವಿತ್ತು. ಅದರ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ. ಕಳುಹಿಸಿದವರ ವಿಳಾಸದಲ್ಲಿ ಆ ಎಕ್ಸ್‌ಚೇಂಜ್‌ನ ಹೆಸರಿದ್ದರೆ ಪತ್ರವನ್ನು ಓದಿದ್ದಾಗಿದೆ ಎಂದು ಗುರುತು ಹಾಕು, ಇನ್‌ಬಾಕ್ಸ್‌ನಿಂದ ತೆಗೆದು ಸುದ್ದಿ ಚಂದಾಗಳ ಫೋಲ್ಡರ್‌ಗೆ ಸೇರಿಸು. ಅಷ್ಟೇ ಅದರ ಕೆಲಸ. ಯಾರೂ ಎಂದೂ ತೆರೆಯದ ಫೋಲ್ಡರ್ ಅದು. ತೆರೆದರೆ ಎಲ್ಲವೂ ವರಸೆಯಾಗಿ ಕೂತಿದ್ದವು: ಪಾಸ್‌ವರ್ಡ್ ಬದಲಾವಣೆಯ ಕೊಂಡಿ, ಹೊಸ ಸಾಧನದಿಂದ ಲಾಗಿನ್, ಹೊಸ ವಿಳಾಸ ಸೇರ್ಪಡೆ, ಖಚಿತಪಡಿಸುವ ಕೋಡ್, ವರ್ಗಾವಣೆ ಪೂರ್ಣಗೊಂಡಿದೆ. ಅವರು ಆರಿಸಿಕೊಂಡಿದ್ದ ಎರಡನೇ ಹಂತದ ಕೋಡ್ ಬರುತ್ತಿದ್ದದ್ದೂ ಇದೇ ಇಮೇಲ್‌ಗೆ. ಒಂದೊಂದನ್ನೂ ತೆರೆದು ಓದಿದರು. "ಬಂದಿದೆಯಲ್ಲ" ಎಂದರು, ಬೇರೇನೂ ಹೇಳಲಿಲ್ಲ.

ಎಕ್ಸ್‌ಚೇಂಜ್‌ಗೆ ಅಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದವರು ಇಮೇಲ್‌ಗೆ ಮಾತ್ರ ಅದನ್ನು ತೆರೆದ ಕಾಲದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದರು, ಅದನ್ನೇ ಹತ್ತಾರು ಜಾಲತಾಣಗಳಲ್ಲೂ ಬಳಸಿದ್ದರು. ಅವುಗಳಲ್ಲೊಂದರಿಂದ ಸೋರಿರಬೇಕು. ಇದು ನನ್ನ ಊಹೆ. ಖಚಿತವಾಗಿ ಹೇಳುವಷ್ಟು ಸಾಕ್ಷ್ಯ ಸಿಗಲಿಲ್ಲ.

"ನನ್ನದು ಹಾಗಲ್ಲ, ಆಥೆಂಟಿಕೇಟರ್ ಆ್ಯಪ್ ಇದೆ" ಎನ್ನುವವರು ಇರುತ್ತಾರೆ. ಎರಡನೇ ಹಂತದ ಕೋಡನ್ನು ಫೋನಿನಲ್ಲೇ ತೋರಿಸುವ ಆ್ಯಪ್ ಅದು. ಒಳ್ಳೆಯದು, ಎಸ್‌ಎಂಎಸ್‌ಗಿಂತ ಎಷ್ಟೋ ವಾಸಿ. ನಿಮ್ಮ ಸಂಖ್ಯೆಗೆ ಇನ್ನೊಂದು ಸಿಮ್ ಮಾಡಿಸಿಕೊಂಡು ಒಟಿಪಿ ಕದಿಯುವ ಹಾವಳಿಯಿಂದಲಾದರೂ ಪಾರು. ಆದರೆ ಆ ಆ್ಯಪ್‌ನ ಕೋಡ್‌ಗಳು ಎಲ್ಲಿ ಉಳಿದಿವೆ ಎಂದು ನೋಡಿದ್ದೀರಾ? 2023ರ ಏಪ್ರಿಲ್‌ನಿಂದ ಗೂಗಲ್ ಆಥೆಂಟಿಕೇಟರ್‌ನಲ್ಲಿ ಕೋಡ್‌ಗಳನ್ನು ಗೂಗಲ್ ಖಾತೆಯಲ್ಲೇ ಉಳಿಸುವ ಸೌಲಭ್ಯ ಬಂದಿದೆ. ಫೋನ್ ಕಳೆದುಕೊಂಡವರಿಗೆ ವರವೇ. ಅದೇ ವರ್ಷ ರೀಟೂಲ್ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಉದ್ಯೋಗಿಯೊಬ್ಬರನ್ನು ಎಸ್‌ಎಂಎಸ್ ಮತ್ತು ಫೋನ್ ಕರೆಯಿಂದ ನಂಬಿಸಿ ಅವರ ಗೂಗಲ್ ಖಾತೆಗೆ ನುಗ್ಗಿದವರಿಗೆ, ಅದರೊಳಗೆ ಉಳಿದಿದ್ದ ಕೋಡ್‌ಗಳೂ ಒಟ್ಟಿಗೇ ಸಿಕ್ಕವು. ಅಲ್ಲಿಂದ ಮುಂದೆ ಆ ಸಂಸ್ಥೆಯ 27 ಗ್ರಾಹಕರ ಖಾತೆಗಳು ಅವರ ವಶವಾದವು, ಎಲ್ಲವೂ ಕ್ರಿಪ್ಟೊ ಉದ್ಯಮದವು. ಎರಡು ಬೀಗ ಹಾಕಿದ್ದೇವೆ ಎಂದುಕೊಂಡಿದ್ದರು, ಎರಡರ ಕೀಲಿಯೂ ಒಂದೇ ಇಮೇಲ್ ಖಾತೆಯಲ್ಲಿತ್ತು.

ಇನ್ನು ಕುಕಿ ಕದಿಯುವ ತಂತ್ರಾಂಶಗಳು. ಕುಕಿ ಎಂದರೆ ನೀವು ಲಾಗಿನ್ ಆಗಿದ್ದೀರಿ ಎಂದು ಜಾಲತಾಣ ನಿಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತು. ಪುಕ್ಕಟೆ ಸಿಕ್ಕಿತೆಂದು ಇಳಿಸಿಕೊಂಡ ಕಳ್ಳಪ್ರತಿಯ ಜೊತೆಗೋ, ಆಟದ ಚೀಟ್‌ಗಳ ಜೊತೆಗೋ ಬಂದು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಆಗಿರುವ ಗುರುತನ್ನೂ ಗುಡಿಸಿಕೊಂಡು ಹೋಗುತ್ತವೆ. ಲುಮ್ಮಾ ಎಂಬುದು ಅಂಥದ್ದೊಂದು. 2025ರಲ್ಲಿ ಎರಡೇ ತಿಂಗಳ ಅವಧಿಯಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದನ್ನು ಪತ್ತೆ ಹಚ್ಚಿದ್ದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಕದ್ದ ಕುಕಿಯನ್ನು ತನ್ನ ಬ್ರೌಸರ್‌ಗೆ ಹಾಕಿಕೊಂಡವನು ಎಷ್ಟೋ ಕಡೆ ಲಾಗಿನ್ ಆಗಬೇಕಾಗಿಯೇ ಇಲ್ಲ. ಅವನು ಆಗಲೇ ಒಳಗಿದ್ದಾನೆ. ಒಟಿಪಿ ಯಾರಿಗೂ ಕೊಟ್ಟಿಲ್ಲ ಎಂಬ ಮಾತನ್ನು ನಾನು ನಂಬುವುದು ಇದೇ ಕಾರಣಕ್ಕೆ. ಕೇಳಿದವರು ಯಾರು, ಕೊಡಲಿಕ್ಕೆ?

ಈಗ ಪಾಸ್‌ವರ್ಡ್ ಬದಲಾವಣೆಗೆ ಬರೋಣ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಇದೆಯಲ್ಲ, ಇಲ್ಲಿ ನಡೆಯುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಬಾಗಿಲು ಹಾಕುವಾಗ ಕಳ್ಳ ಇನ್ನೂ ಒಳಗೇ ಇದ್ದಾನೆ. ಪಾಸ್‌ವರ್ಡ್ ತಡೆಯುವುದು ಹೊಸದಾಗಿ ಬರುವವನನ್ನು. ಈಗಾಗಲೇ ಲಾಗಿನ್ ಆಗಿರುವವನನ್ನು ಹೊರಗೆ ಹಾಕುವುದು ಬೇರೆಯದೇ ಕೆಲಸ. ಕೆಲವು ಸೇವೆಗಳು ಪಾಸ್‌ವರ್ಡ್ ಬದಲಾದರೆ ಉಳಿದ ಸಾಧನಗಳನ್ನು ತಾವೇ ಹೊರಹಾಕುತ್ತವೆ, ಕೆಲವು ಹಾಕುವುದಿಲ್ಲ. ಹಾಕಿರುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಅವನು ಮಾಡಿಟ್ಟುಹೋದ ಏರ್ಪಾಡುಗಳಂತೂ ಹಾಗೆಯೇ ಉಳಿಯುತ್ತವೆ. ಚುಕ್ಕಿ ಹೆಸರಿನ ಆ ನಿಯಮ, ಪ್ರತಿ ಪತ್ರದ ಪ್ರತಿಯನ್ನು ಬೇರೆ ವಿಳಾಸಕ್ಕೆ ರವಾನಿಸುವ ಫಾರ್ವರ್ಡಿಂಗ್, ಖಾತೆ ಮರಳಿ ಪಡೆಯಲು ಸೇರಿಸಿಟ್ಟ ಅವನದೇ ಫೋನ್ ಸಂಖ್ಯೆ, ಇಮೇಲ್ ಓದಲು ಯಾವುದೋ ಆ್ಯಪ್‌ಗೆ ಕೊಟ್ಟ ಅನುಮತಿ. ಎಕ್ಸ್‌ಚೇಂಜ್‌ನ ಕಡೆ ನೋಡಿದರೆ ಅವನ ವ್ಯಾಲೆಟ್ ವಿಳಾಸ ನಂಬಿಕಸ್ತರ ಪಟ್ಟಿಯಲ್ಲಿ ಸೇರಿರುತ್ತದೆ, ಎಪಿಐ ಕೀಯೊಂದು ಹುಟ್ಟಿಕೊಂಡಿರುತ್ತದೆ. ಎಪಿಐ ಕೀ ಎಂದರೆ ನಿಮ್ಮ ಪರವಾಗಿ ವಹಿವಾಟು ನಡೆಸಲು ಬೇರೊಂದು ಪ್ರೋಗ್ರಾಂಗೆ ಕೊಟ್ಟ ಅಧಿಕಾರಪತ್ರ. ಅದಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ.

ಅಂಥ ಕೀಗಳು ಎಷ್ಟು ಸದ್ದಿಲ್ಲದೆ ಕಾಯಬಲ್ಲವು ಎಂಬುದಕ್ಕೆ 2018ರ ಮಾರ್ಚ್‌ನಲ್ಲಿ ಬೈನಾನ್ಸ್ ಎಂಬ ಎಕ್ಸ್‌ಚೇಂಜ್‌ನಲ್ಲಿ ನಡೆದ ಪ್ರಕರಣವನ್ನು ನೋಡಬೇಕು. ಕಳ್ಳರು ಜನವರಿಯಿಂದಲೇ ನಕಲಿ ಜಾಲತಾಣವೊಂದನ್ನು ನಡೆಸಿದ್ದರು. ವಿಳಾಸದ ಕಾಗುಣಿತದಲ್ಲಿ ತಪ್ಪಿರಲಿಲ್ಲ, ಎರಡು ಅಕ್ಷರಗಳ ಕೆಳಗೆ ಮಾತ್ರ ಒಂದೊಂದು ಸಣ್ಣ ಚುಕ್ಕಿ. ಪರದೆಯ ಮೇಲಿನ ದೂಳೇನೋ ಎಂದುಕೊಳ್ಳಬೇಕು, ಅಷ್ಟು ಸಣ್ಣದು. ಅಲ್ಲಿ ಲಾಗಿನ್ ಆದವರ ಖಾತೆಗಳಲ್ಲಿ ಎಪಿಐ ಕೀಗಳನ್ನು ಸೃಷ್ಟಿಸಿಟ್ಟುಕೊಂಡು ಏನನ್ನೂ ಮಾಡದೆ ಕೂತರು. ಮಾರ್ಚ್ 7ರಂದು ಎಲ್ಲ ಕೀಗಳನ್ನೂ ಒಮ್ಮೆಗೇ ಬಳಸಿ, ಎರಡೇ ನಿಮಿಷದಲ್ಲಿ ಆ ಖಾತೆಗಳ ಬಿಟ್‌ಕಾಯಿನ್‌ನಿಂದ ವಯಾಕಾಯಿನ್ ಎಂಬ ಚಿಕ್ಕ ನಾಣ್ಯವನ್ನು ಕೊಳ್ಳಿಸಿ ಬೆಲೆ ಏರಿಸಿದರು. ತಮ್ಮ ಬಳಿ ಮೊದಲೇ ಇದ್ದ ಅದೇ ನಾಣ್ಯವನ್ನು ಆ ಬೆಲೆಗೆ ಮಾರುವುದು ಅವರ ಲೆಕ್ಕ. ಅದೃಷ್ಟಕ್ಕೆ ಎಕ್ಸ್‌ಚೇಂಜ್‌ನ ಎಚ್ಚರಿಕೆ ವ್ಯವಸ್ಥೆ ಕಾಯಿನ್ ಹೊರಹೋಗುವುದನ್ನು ತಾನಾಗಿ ತಡೆಹಿಡಿಯಿತು. ಕಳ್ಳರು ಮಾರಾಟಕ್ಕೆಂದು ತಂದಿಟ್ಟಿದ್ದ ಅವರದೇ ನಾಣ್ಯಗಳೂ ಸಿಕ್ಕಿಬಿದ್ದವು. ಇಂಥ ಸುಖಾಂತ್ಯಗಳು ನನ್ನ ಕಡತಗಳಲ್ಲಿ ಹೆಚ್ಚಿಲ್ಲ.

ಆದ್ದರಿಂದ ಕ್ರಮ ಮುಖ್ಯ. ಮೊದಲು ಎಕ್ಸ್‌ಚೇಂಜ್‌ನ ಆ್ಯಪ್‌ನಲ್ಲಿ ಖಾತೆಯನ್ನು ಸ್ಥಗಿತಗೊಳಿಸುವ ಸೌಲಭ್ಯವಿದ್ದರೆ ಅದನ್ನು ಒತ್ತಿ. ಆಮೇಲೆ ನೀವು ದಿನವೂ ಬಳಸುವ ಕಂಪ್ಯೂಟರನ್ನು ಮುಟ್ಟದೆ ಬೇರೊಂದು ಶುದ್ಧ ಸಾಧನದಿಂದ ಇಮೇಲ್‌ಗೆ ಹೋಗಿ: ನಿಯಮಗಳು, ಫಾರ್ವರ್ಡಿಂಗ್, ಮರುಪ್ರಾಪ್ತಿಯ ಸಂಖ್ಯೆ, ಅನುಮತಿ ಪಡೆದ ಆ್ಯಪ್‌ಗಳು, ಕೊನೆಗೆ ಎಲ್ಲ ಸಾಧನಗಳಿಂದ ಹೊರಬಂದು ಹೊಸ ಪಾಸ್‌ವರ್ಡ್. ಅಳಿಸುವ ಮೊದಲು ಪ್ರತಿಯೊಂದರ ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿನಲ್ಲಿ ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಕೊಂಡು ಬರುವವರಿದ್ದಾರೆ. ಆಮೇಲೆ ನಾನು ನೋಡಬೇಕಾದದ್ದು ಏನೂ ಉಳಿದಿರುವುದಿಲ್ಲ. ಇಷ್ಟಾದ ಮೇಲೆ ಎಕ್ಸ್‌ಚೇಂಜ್‌ನ ಪಾಸ್‌ವರ್ಡ್, ಕೀಗಳು, ವಿಳಾಸಗಳ ಪಟ್ಟಿ. ಇಮೇಲ್ ಬಿಟ್ಟು ಇದನ್ನೇ ಮೊದಲು ಮಾಡಿದರೆ, ನೀವು ಬದಲಾಯಿಸಿದ ಸುದ್ದಿಯೂ ಅವನು ಓದುತ್ತಿರುವ ಇನ್‌ಬಾಕ್ಸ್‌ಗೇ ಹೋಗುತ್ತದೆ.

ಎಲ್ಲದಕ್ಕೂ ಇಮೇಲೇ ಕಾರಣ ಎಂದು ನಾನು ಹೇಳುತ್ತಿಲ್ಲ. ಎಕ್ಸ್‌ಚೇಂಜ್‌ಗಳೇ ಸೂರೆಯಾದ ಚರಿತ್ರೆ ಸಾಕಷ್ಟಿದೆ: 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ದಿವಾಳಿಯಾಯಿತು, 2025ರ ಫೆಬ್ರುವರಿಯಲ್ಲಿ ಬೈಬಿಟ್‌ನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಎಂಬ ನಾಣ್ಯ ಹೋಯಿತು. ಒಳಗಿನವರ ಕೈವಾಡವೂ ಕಟ್ಟುಕಥೆಯಲ್ಲ. 2025ರ ಮೇ ತಿಂಗಳಲ್ಲಿ ಕಾಯಿನ್‌ಬೇಸ್ ತನ್ನ ಗ್ರಾಹಕ ಸೇವೆಯ ಕೆಲವರು ಲಂಚ ಪಡೆದು ಗ್ರಾಹಕರ ಮಾಹಿತಿ ಮಾರಿಕೊಂಡದ್ದನ್ನು ಬಹಿರಂಗಪಡಿಸಿತು. ಆದರೆ ಎಕ್ಸ್‌ಚೇಂಜ್ ಸೂರೆಯಾದರೆ ನಿಮ್ಮೊಬ್ಬರ ಖಾತೆ ಮಾತ್ರ ಬರಿದಾಗುವುದಿಲ್ಲ. ಒಳಗಿನವರ ಮೇಲೆ ಬೊಟ್ಟು ಮಾಡುವ ಮೊದಲು ಲಾಗಿನ್ ದಾಖಲೆಗಳನ್ನು ಕೇಳಿ ತರಿಸಿಕೊಳ್ಳಿ.

ಕಾಯಿನ್ ಮರಳಿ ಬರುವುದೇ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ: ಹೆಚ್ಚಾಗಿ ಇಲ್ಲ. ಹೋದ ವಿಳಾಸ ಎಲ್ಲರಿಗೂ ಕಾಣುತ್ತದೆ, ಕಂಡ ಮಾತ್ರಕ್ಕೆ ಕೈಗೆ ಸಿಗುವುದಿಲ್ಲ. ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 2016ರಲ್ಲಿ ಕದ್ದ ಸುಮಾರು 1,20,000 ಬಿಟ್‌ಕಾಯಿನ್‌ಗಳಲ್ಲಿ 94,000ಕ್ಕೂ ಹೆಚ್ಚನ್ನು ಅಮೆರಿಕದ ಸರ್ಕಾರ ವಶಪಡಿಸಿಕೊಂಡದ್ದು 2022ರಲ್ಲಿ, ಅದೂ ಆರೋಪಿಯ ಕ್ಲೌಡ್ ಖಾತೆಯಲ್ಲಿದ್ದ ಕೀಲಿಗಳ ಕಡತವನ್ನು ಬಿಡಿಸಿದ ಮೇಲೆ. ಕಳುವಾದದ್ದು ಒಂದು ಸಂಸ್ಥೆ ವಿತರಿಸುವ, ಡಾಲರ್ ಬೆಲೆಗೆ ಕಟ್ಟಿಕೊಂಡ ಯುಎಸ್‌ಡಿಟಿಯಂಥ ನಾಣ್ಯವಾಗಿದ್ದರೆ ವಿತರಿಸಿದ ಸಂಸ್ಥೆ ಅದನ್ನು ತಡೆಹಿಡಿಯಬಲ್ಲದು. ಕಳ್ಳ ಇನ್ನೊಂದು ಎಕ್ಸ್‌ಚೇಂಜ್‌ಗೆ ಹಾಕಿದ್ದರೆ ಅವರೂ ತಡೆಹಿಡಿಯಬಲ್ಲರು. ಎರಡಕ್ಕೂ ಸಾಮಾನ್ಯವಾಗಿ ಪೊಲೀಸ್ ದೂರು ಬೇಕು, ಎರಡೂ ಗಂಟೆಗಳ ಲೆಕ್ಕದ ಕೆಲಸ.

ಆ ದೂರನ್ನೂ ಹೊಸ ಇಮೇಲ್‌ನಿಂದಲೇ ಕಳುಹಿಸಿ. ನನ್ನ ಇನ್ನೊಬ್ಬ ಗ್ರಾಹಕರು ದೂರು, ಗ್ರಾಹಕ ಸೇವೆಯೊಂದಿಗಿನ ಮಾತುಕತೆ ಎಲ್ಲವನ್ನೂ ಹಳೆಯದರಿಂದಲೇ ನಡೆಸಿದ್ದರು. ಕೆಲವೇ ದಿನಗಳಲ್ಲಿ "ವಸೂಲಾತಿ ಅಧಿಕಾರಿ"ಯೊಬ್ಬ ಕರೆ ಮಾಡಿ, ನಿಮ್ಮ ಕಾಯಿನ್ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಮುಂಗಡ ಶುಲ್ಕ ಕಟ್ಟಿ ಎಂದ. ಕಟ್ಟಿದರು. ಅಪರಿಚಿತನನ್ನು ಹೇಗೆ ನಂಬಿದಿರಿ ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆ. "ಅವರಿಗೆ ನನ್ನ ದೂರಿನ ಸಂಖ್ಯೆ ಗೊತ್ತಿತ್ತು ಸರ್" ಎಂದರು. ಅವರ ಇಮೇಲ್‌ನ ಫಾರ್ವರ್ಡಿಂಗ್ ಪುಟ ತೆರೆಸಿದೆ. ಪ್ರತಿ ಪತ್ರದ ಪ್ರತಿಯೂ ಇನ್ನೂ ಹೊರಗೆ ಹೋಗುತ್ತಲೇ ಇತ್ತು.